ಶೇಂಗಾ ಇಲ್ಲದ ಊಟ ಹುಡುಕಿಕೊಟ್ಟವರು

ನಮ್ಮ ಉಸ್ತಾದರು ಯಾವ ಹೋಟೆಲಿಗೂ ಮುಂಬಾಗಿಲಿನಿಂದ ಹೋಗುತ್ತಿರಲಿಲ್ಲ. ಹಿತ್ತಲ ಕಡೆಗೆ ಬಳಸಿಕೊಂಡು ಹೋಗಿ, ಪಾತ್ರೆ ತೊಳೆಯುವ ಜಾಗ ನೋಡಿ, ಅಡುಗೆಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಅಕ್ಕಾ, ಒಳಗ ಬರ್ಲೇನ್ರಿ?" ಎಂದು ಕೇಳುತ್ತಿದ್ದರು. ಬೈದು ಕಳಿಸಿದವರೂ ಇದ್ದರು. ಅಂಥ ಕಡೆ ನಾವು ಉಣ್ಣುತ್ತಿರಲಿಲ್ಲ. "ಅಡಿಗಿಮನಿ ತೋರಸ್ಲಿಕ್ಕ ಅಂಜವ್ರ ಅಡಿಗಿಗಿ ನಾವು ಅಂಜಬೇಕು" ಎನ್ನುತ್ತ ಮೋಟಾರ್ ಸೈಕಲ್ಲಿಗೆ ಕಿಕ್ ಹೊಡೆಯುತ್ತಿದ್ದರು.

ಹೋದ ತಿಂಗಳು ಅವರು ತಮ್ಮೂರು ದಂಡೋತಿಯಲ್ಲಿ ತೀರಿಕೊಂಡರು. ಮುಂಜಾನೆ ಚಹಾ ಕುಡಿದು ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತವರು ಅಲ್ಲೇ ಗೋಡೆಗೆ ಒರಗಿಬಿಟ್ಟರಂತೆ. ಮಣ್ಣು ಕೊಟ್ಟು ಬಂದ ದಿನದಿಂದ ಅವರ ಬಗ್ಗೆ ಬರೆಯಬೇಕೆಂದು ಕುಳಿತರೆ, ನನಗೆ ನೆನಪಾಗುವುದೆಲ್ಲ ಊಟದ ತಟ್ಟೆಗಳೇ. ಆ ತಟ್ಟೆಗಳ ಮುಂದೆ ನನಗಾದ ಭಯ ಮತ್ತು ಎದುರಿಗೆ ಕುಳಿತ ಅವರ ಮುಖ.

ನಾನು ನಾಲವಾರದವನು. ಸರಕಾರಿ ಆಸ್ಪತ್ರೆಗಳಲ್ಲಿ ಮಕ್ಕಳ ಲಸಿಕೆ ಇಡುವ ಫ್ರಿಜ್ಜುಗಳನ್ನು ರಿಪೇರಿ ಮಾಡಿಸುವ ಗುತ್ತಿಗೆದಾರರೊಬ್ಬರ ಹತ್ತಿರ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಮೂರು ವರ್ಷ. ಅವರಿಗೆ ಆಗಲೇ ಐವತ್ತು ದಾಟಿತ್ತು. ಉಸ್ತಾದ್ ಎಂಬುದು ಅವರ ಹೆಸರಲ್ಲ. ನಮ್ಮ ಕಡೆ ಕೈಯಲ್ಲಿ ಕೆಲಸ ಇದ್ದವರನ್ನೆಲ್ಲ ಹಾಗೇ ಕರೆಯುವುದು. ಅಜ್ಜನ ಕಾಲಕ್ಕೆ ಕಾಗಿಣಾ ಹೊಳೆಯಲ್ಲಿ ದೋಣಿ ಹಾಕುತ್ತಿದ್ದ ಮನೆತನ. ದೋಣಿ ಹೋಗಿ ಸೇತುವೆ ಬಂದ ಮೇಲೆ ಮನೆಯವರೆಲ್ಲ ಒಂದೊಂದು ಕೆಲಸ ಹಿಡಿದರು. ಇವರು ವಾಡಿಯಲ್ಲಿ ಐಸ್ ಫ್ಯಾಕ್ಟರಿಗೆ ಸೇರಿ ಈ ವಿದ್ಯೆ ಕಲಿತರು. ಅಗಲ ಭುಜ, ಸಣ್ಣ ಕಣ್ಣು. ಮೂಗು ಮಾತ್ರ ಮುಖಕ್ಕೆ ಮೀರಿ ದೊಡ್ಡದು. ಆ ಮೂಗೇ ಅವರ ಮುಖ್ಯ ಹತಾರ. ಕೆಟ್ಟ ಫ್ರಿಜ್ಜಿನ ಪೈಪು ಕತ್ತರಿಸಿ ಒಂದು ಸಲ ಮೂಸಿದರೆ ಸಾಕು, "ಕಂಪ್ರೆಸರ್ ಸುಟ್ಟದ" ಅಥವಾ "ಸುಟ್ಟಿಲ್ಲ, ಗ್ಯಾಸ್ ಅಷ್ಟೇ ಹೋಗ್ಯದ" ಎನ್ನುತ್ತಿದ್ದರು. ಮೀಟರ್ ಹಚ್ಚಿ ನೋಡಿದರೆ ಅದೇ ನಿಜವಾಗಿರುತ್ತಿತ್ತು.

ಚಿತ್ತಾಪುರ, ಸೇಡಂ, ಶಹಾಬಾದ್, ಚಿಂಚೋಳಿ, ಎಲ್ಲಿ ಫ್ರಿಜ್ ಕೆಟ್ಟರೂ ನಾನು ಗ್ಯಾಸ್ ಸಿಲಿಂಡರ್ ತಬ್ಬಿಕೊಂಡು ಅವರ ಹಿಂದೆ ಕುಳಿತು ಹೋಗುತ್ತಿದ್ದೆ. ಹೆಗಲ ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಬುತ್ತಿ. ಮಧ್ಯಾಹ್ನ ಅವರು ಹೋಟೆಲಿಗೆ ಕರೆದರೆ ನಾನು ಒಲ್ಲೆ ಎನ್ನುತ್ತಿದ್ದೆ. ಜಿಪುಣ ಎಂದುಕೊಂಡಿದ್ದರೋ, ಮಡಿಯವನು ಎಂದುಕೊಂಡಿದ್ದರೋ, ಮೂರು ತಿಂಗಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹೇಳಲು ನಾಚಿಕೆ. ನನಗೆ ಶೇಂಗಾ ವಿಷ. ಒಂದು ಕಾಳಿನ ಪುಡಿ ಹೊಟ್ಟೆಗೆ ಹೋದರೂ ಮೈ ದದ್ದು ಏಳುತ್ತದೆ, ತುಟಿ ಊದುತ್ತದೆ, ಗಂಟಲು ಕಟ್ಟುತ್ತದೆ. ಮೂರು ವರ್ಷದವನಿದ್ದಾಗ ಒಮ್ಮೆ ಸತ್ತೇ ಹೋಗುತ್ತಿದ್ದೆನಂತೆ. ನಮ್ಮ ಕಡೆ ಶೇಂಗಾ ಇಲ್ಲದ ಊಟ ಎಲ್ಲಿದೆ? ರೊಟ್ಟಿಯ ಪಕ್ಕಕ್ಕೆ ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಬದನೆಕಾಯಿಯ ಹೊಟ್ಟೆಯೊಳಗೆ ಶೇಂಗಾ, ಮಂಡಕ್ಕಿಯ ಸುಸಲಾದಲ್ಲಿ ಶೇಂಗಾ, ಹಬ್ಬಕ್ಕೆ ಶೇಂಗಾ ಹೋಳಿಗೆ. ಅವ್ವ ಮನೆಯೊಳಗೆ ಅದನ್ನು ಬಿಟ್ಟುಕೊಳ್ಳಲಿಲ್ಲ. ಇದಕ್ಕಾಗಿ ನೆಂಟರೊಂದಿಗೆ ಜಗಳ ಮಾಡಿದ್ದಳು. ಹೊರಗೆ ಹೇಳಿದರೆ ಜನ ನಗುತ್ತಿದ್ದರು. "ಶೇಂಗಾ ತಿಂದು ಸತ್ತವ್ರು ಯಾರರ ಹಾರೇನು?" ಎನ್ನುತ್ತಿದ್ದರು. ಶಾಲೆಯಲ್ಲಿ ಒಬ್ಬ ಗೆಳೆಯ ಸುಳ್ಳೋ ನಿಜವೋ ನೋಡುತ್ತೇನೆಂದು ನನ್ನ ಉಪ್ಪಿಟ್ಟಿನಲ್ಲಿ ಪುಡಿ ಬೆರೆಸಿದ್ದ. ಅಂದಿನಿಂದ ಯಾರಿಗೂ ಹೇಳಬಾರದು, ಯಾರ ಕೈಯಲ್ಲೂ ಉಣ್ಣಬಾರದು ಎಂದು ನಿಶ್ಚಯಿಸಿದ್ದೆ. ಶೇಂಗಾ ವಾಸನೆ ಬಂದ ಕಡೆ ಉಸಿರು ಬಿಗಿಹಿಡಿದು ಓಡುವುದಷ್ಟೇ ನನಗೆ ಗೊತ್ತಿತ್ತು. ಮಸಾಲೆಯೊಳಗೆ ಅಡಗಿ ಕುಳಿತರೆ ಗುರುತು ಹಿಡಿಯುವುದು ಗೊತ್ತಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ, ಚಿತ್ತಾಪುರದ ಆಚೆಯ ಒಂದು ಊರಿಗೆ ಹೋಗಿದ್ದೆವು. ಮುಂಜಾನೆ ಏಳಕ್ಕೆ ಕಟ್ಟಿದ ಬುತ್ತಿ ಮಧ್ಯಾಹ್ನಕ್ಕೆ ಹಳಸಿ ನೊರೆ ಬಂದಿತ್ತು. ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಉಸ್ತಾದರು ಖಾನಾವಳಿಗೆ ಎಳೆದುಕೊಂಡು ಹೋದರು. ಬರೀ ಜೋಳದ ರೊಟ್ಟಿ, ಮೊಸರು ಸಾಕೆಂದೆ. ಅದರಲ್ಲೇನು ಇರುತ್ತದೆ? ಬಡಿಸುವವನು ಹಿಂಡಿಯ ಡಬ್ಬಿಯಲ್ಲಿದ್ದ ಚಮಚವನ್ನೇ ಮೊಸರಿಗೂ ಹಾಕಿದ್ದು ನಾನು ನೋಡಲಿಲ್ಲ.

ಎರಡು ತುತ್ತಿಗೆ ನಾಲಗೆ ತುರಿಸತೊಡಗಿತು. ಅಂಗೈ ಉರಿಯಿತು. ತಾಮ್ರದ ಪೈಪನ್ನು ಇಕ್ಕಳದಿಂದ ಒತ್ತುವಾಗ ಒಳಗಿನ ದಾರಿ ಹೇಗೆ ಸಣ್ಣದಾಗುತ್ತದೆಂದು ನಾನು ದಿನಾ ನೋಡುತ್ತಿದ್ದೆ. ನನ್ನ ಗಂಟಲಲ್ಲಿ ಈಗ ಅದೇ ನಡೆದಿತ್ತು. ಹೇಳೋಣವೆಂದರೆ ದನಿ ಇಲ್ಲ. ಉಸ್ತಾದರು ರೊಟ್ಟಿ ಮುರಿಯುತ್ತಿದ್ದವರು ತಲೆ ಎತ್ತಿ ನೋಡಿ, "ಏನಾತೋ?" ಎಂದರು. ನಾನು ಹಿಂಡಿಯ ಡಬ್ಬಿಯ ಕಡೆ ಬೆರಳು ತೋರಿಸಿ, ಕುತ್ತಿಗೆ ಹಿಡಿದುಕೊಂಡೆ.

ಅವರು ರೊಟ್ಟಿ ಬಿಟ್ಟೆದ್ದರು. ನನ್ನನ್ನು ಹೆಗಲ ಮೇಲೆ ಹಾಕಿಕೊಂಡು, ಆಗಷ್ಟೇ ಫ್ರಿಜ್ ರಿಪೇರಿ ಮಾಡಿ ಬಂದಿದ್ದ ಆಸ್ಪತ್ರೆಗೇ ಓಡಿದರು. ಡಾಕ್ಟರು ಊಟಕ್ಕೆ ಹೋಗಿದ್ದರು. ನರ್ಸಬಾಯಿಗೆ ಉಸ್ತಾದರು ಒದರಿದ್ದು ನನ್ನ ಕಿವಿಗೆ ಬಿತ್ತು: "ಕೂಸಿಗಿ ಸೂಜಿ ಹಾಕಿದ ಮ್ಯಾಲ ಮೈ ಉಬ್ಬಿದ್ರ ಕೊಡ್ತೀರಲ್ಲ, ಆ ಇಂಜೆಕ್ಷನ್ ತೆಗೀರಿ. ಕೆಂಪು ಡಬ್ಬಿದಾಗ ಅದ, ಫ್ರಿಜ್ಜಿನ ಬಾಜೂ." ಲಸಿಕೆಯ ಕೋಣೆಗಳಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಯಾವ ಔಷಧಿ ಎಲ್ಲಿರುತ್ತದೆಂದು ಗೊತ್ತಿತ್ತು. ಆಕೆ ಡಾಕ್ಟರಿಗೆ ಫೋನ್ ಹಚ್ಚಿ ಕೇಳಿ, ತೊಡೆಗೆ ಚುಚ್ಚಿದಳು. ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ದಾರಿ ಬಿಟ್ಟಿತು. ಎದೆ ಮಾತ್ರ ಡಬಡಬ ಹೊಡೆದುಕೊಳ್ಳುತ್ತಿತ್ತು.

ಸಂಜೆ ಅವರು ಮಂಚದ ಪಕ್ಕ ಕುಳಿತು ಕೇಳಿದರು.

"ಮೊದ್ಲೇ ಯಾಕ ಹೇಳಿಲ್ಲೋ ತಮ್ಮಾ?"

"ನಗ್ತೀರಂತ ಹೇಳಿಲ್ರಿ."

ಅವರ ಮುಖ ಒಮ್ಮೆಲೆ ಕಪ್ಪಿಟ್ಟಿತು. ಏಕೆಂದು ನನಗೆ ಆಗ ತಿಳಿಯಲಿಲ್ಲ. "ನಾ ನಗಂಗಿಲ್ಲ. ಇನ್ನ ಮುಂದ ನಾ ನೋಡಿದ ಮ್ಯಾಲೇ ನೀ ಉಣ್ಬೇಕು" ಎಂದರು.

ಹುಡುಕಾಟ ಶುರುವಾದದ್ದು ಅಲ್ಲಿಂದ. ಉಸ್ತಾದರ ಲೆಕ್ಕಾಚಾರ ಸರಳವಾಗಿತ್ತು. ನಮ್ಮ ನೆಲದ ಅಡುಗೆಯಲ್ಲಿ ಶೇಂಗಾ ಇದೆ. ಹಾಗಾದರೆ ನಮ್ಮ ನೆಲದವರಲ್ಲದವರ ಅಡುಗೆ ಹುಡುಕಬೇಕು. ನಮ್ಮ ಸುತ್ತ ಅಂಥವರಿಗೆ ಕೊರತೆಯಿಲ್ಲ. ಸಿಮೆಂಟ್ ಫ್ಯಾಕ್ಟರಿಗೆ, ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಪಾಲಿಶಿಗೆ, ರೈಲ್ವೆಗೆ ಎಲ್ಲೆಲ್ಲಿಯ ಜನವೋ ಬಂದು ನಿಂತಿದ್ದಾರೆ. ಅವರ ಹೊಟ್ಟೆಗೆ ಅವರವರ ಊಟ ಬೇಕು. ಅದು ಅಗ್ಗವೂ ಇರಬೇಕು. ಅಂಥ ಜಾಗಗಳಿಗೆ ಬೋರ್ಡು ಇರುವುದಿಲ್ಲ.

"ಬಡವರು ಎರಡನೇ ಸಲ ಬಂದು ಕುಂತಾರಂದ್ರ ಅಲ್ಲಿ ಊಟ ಚಲೋ ಅದ ಅಂತ ತಿಳ್ಕೋ. ಅಡಿಗಿ ಮಾಡಾಕಿ ಅದನ್ನೇ ತಾನೂ ಉಣ್ತಾಳೇನು, ಅದೊಂದು ನೋಡು" ಎನ್ನುತ್ತಿದ್ದರು. ವಾಡಿಯಲ್ಲಿ ಗ್ಯಾಂಗ್‌ಮನ್‌ಗಳ ಬೆನ್ನು ಹತ್ತಿ ಹೋಗಿ, ರೈಲ್ವೆ ಕ್ವಾರ್ಟರ್ಸಿನ ಹಿಂದೆ ಮಲಯಾಳಿ ಮುದುಕಿಯೊಬ್ಬಳ ಮನೆ ಪತ್ತೆ ಮಾಡಿದರು. ಗಂಡ ರೈಲ್ವೆಯಲ್ಲಿದ್ದು ತೀರಿಹೋದ ಮೇಲೆ ಅಲ್ಲೇ ಉಳಿದವಳು. ಹನ್ನೆರಡು ಜನಕ್ಕೆ ಅಡುಗೆ ಮಾಡುತ್ತಿದ್ದಳು. ಕೆಂಪಕ್ಕಿ ಅನ್ನ, ಕೊಬ್ಬರಿ ಎಣ್ಣೆಯಲ್ಲಿ ಹುರಿದ ಪಲ್ಯ, ಹುಳಿ ಮೀನು. ಮೊದಲ ದಿನ ಆ ವಾಸನೆಗೆ ನನಗೆ ತಲೆ ತಿರುಗಿತ್ತು. ಸೇಡಂ ಕಡೆ ಫ್ಯಾಕ್ಟರಿಯ ಗೇಟಿನಾಚೆ ಒಡಿಶಾದ ಕೂಲಿಗಳಿಗೆಂದು ತಗಡಿನ ಶೆಡ್ಡಿನಲ್ಲಿ ನಡೆಯುತ್ತಿದ್ದ ಮೆಸ್ ಒಂದು. ಸಾಸಿವೆ ಎಣ್ಣೆ ಬಿಟ್ಟು ಬೇರೆ ಎಣ್ಣೆ ಒಳಗೆ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರಲ್ಲಿ ನೆನೆಸಿದ ತಂಗಳನ್ನ, ಹಿಸುಕಿದ ಆಲೂಗಡ್ಡೆ, ಹಸಿ ಉಳ್ಳಾಗಡ್ಡಿ. ಬಿಸಿಲಲ್ಲಿ ಸುಟ್ಟು ಬಂದವರಿಗೆ ಅದು ಅಮೃತ. ಶಹಾಬಾದಿನಲ್ಲಿ ರಾಜಸ್ಥಾನದ ಕಲ್ಲು ಕೆಲಸದವರು ಉಣ್ಣುವ ಕೋಣೆಯಲ್ಲಿ ತುಪ್ಪ ಸವರಿದ ರೊಟ್ಟಿ, ಮಜ್ಜಿಗೆ ಸಾರು. ಚಿಂಚೋಳಿಗೆ ಹೋದರೆ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಅಲ್ಲಿ ಬಾಳೆಹಣ್ಣು, ಹಾಲು.

ಹೊಸ ಜಾಗಕ್ಕೆ ಹೋದಾಗಲೆಲ್ಲ ಅವರದು ಒಂದೇ ಪದ್ಧತಿ. ಒಳಗೆ ಹೋಗಿ ಎಣ್ಣೆ ಡಬ್ಬಿ ಮೂಸುವುದು. ಪಲ್ಯವನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಕಣ್ಣು ಮುಚ್ಚಿ, ಮೂಗಿಗೆ ಹಿಡಿಯುವುದು. ಎಡ ಹುಬ್ಬು ಮೇಲೆ ಹೋದರೆ ನಾವು ಹೊರಗೆ. ತಲೆ ಅಲ್ಲಾಡಿದರೆ ಊಟ. ತಲೆ ಅಲ್ಲಾಡಿದ ಮೇಲೂ ಮೊದಲ ತುತ್ತನ್ನು ನಾನು ಜೋಳದ ಕಾಳಿನಷ್ಟೇ ಮಾಡಿ ನಾಲಗೆಗೆ ಇಡುತ್ತಿದ್ದೆ. ಅಂಜಬೇಡ ಎಂದು ಅವರು ಒಂದು ಸಲವೂ ಹೇಳಲಿಲ್ಲ. "ಅಂಜು. ಅಂಜಿದವ ಕೇಳ್ತಾನ, ಕೇಳಿದವ ಉಳೀತಾನ" ಎನ್ನುತ್ತಿದ್ದರು. ಪರಿಚಯದ ಡಾಕ್ಟರೊಬ್ಬರಿಂದ ಚೀಟಿ ಬರೆಸಿ ಅದೇ ಇಂಜೆಕ್ಷನ್ ತರಿಸಿದರು. ಚುಚ್ಚುವುದನ್ನು ನರ್ಸಬಾಯಿಯಿಂದ ಇಬ್ಬರೂ ಕಲಿತೆವು. ಲಸಿಕೆ ಒಯ್ಯುವ ಹಳೇ ಡಬ್ಬಿಯೊಂದರಲ್ಲಿ ಅದು ನಮ್ಮ ಜೊತೆಗೇ ತಿರುಗುತ್ತಿತ್ತು.

ಹೀಗೆ ಮೂರು ವರ್ಷಕ್ಕೂ ಹೆಚ್ಚು ನಡೆಯಿತು. ನಾನು ತುಸು ದಪ್ಪಗಾದೆ. ನನ್ನ ನೆಲದ ಅಡುಗೆ ನನಗೆ ವಿಷವಾಗಿ, ಎಲ್ಲಿಂದಲೋ ಬಂದವರ ಅಡುಗೆ ನನ್ನನ್ನು ಸಾಕಿತು.

ಆಮೇಲೆ ಕೊರೊನಾ ಬಂತು. ಲಸಿಕೆ ಬಂದ ಮೇಲಂತೂ ನಮಗೆ ಉಸಿರಾಡಲು ಬಿಡುವಿಲ್ಲ. ಒಂದು ಫ್ರಿಜ್ ನಿಂತರೆ ಊರಿಗೂರೇ ಕಾಯುವ ಕಾಲ. ಆ ನಡುವೆ ಉಸ್ತಾದರು ಜ್ವರ ಬಂದು ಮಲಗಿದರು. ಇಪ್ಪತ್ತು ದಿನದ ಮೇಲೆ ಇಳಿದ ಮುಖದಲ್ಲಿ ಮರಳಿ ಬಂದರು. ಬಂದವರು ಹೊಸ ರೂಢಿಯೊಂದನ್ನು ಹಚ್ಚಿಕೊಂಡಿದ್ದರು. ಪೈಪು ಕತ್ತರಿಸಿ ನನ್ನ ಮುಂದೆ ಹಿಡಿದು, "ನೀ ಮೂಸು, ನೀ ಹೇಳು. ಎಷ್ಟು ದಿನ ನನ್ನ ಹಿಂದ ಬರ್ತಿ, ಕಲೀಬೇಕಲ್ಲ?" ಎನ್ನುತ್ತಿದ್ದರು. ನಾನು ಹೇಳಿದ್ದಕ್ಕೆ ಹೂಂ ಎನ್ನುತ್ತಿದ್ದರು. ಗುರು ನನ್ನನ್ನು ತಯಾರು ಮಾಡುತ್ತಿದ್ದಾರೆಂದು ಹಿಗ್ಗಿದ್ದೆ. ಒಂದು ದಿನ ಚಿತ್ತಾಪುರದಲ್ಲಿ ಫ್ರಿಜ್ಜಿನ ವೈರು ಸುಟ್ಟ ನಾತ ಬಾಗಿಲಿಗೇ ಹೊಡೆಯುತ್ತಿತ್ತು. ಅವರು ಅದರ ಪಕ್ಕದಲ್ಲೇ ನಿಂತು ಕಾಂಪೌಂಡರ್ ಜೊತೆ ಮಳೆಯ ವಿಷಯ ಮಾತಾಡುತ್ತಿದ್ದರು. ಆಗಲೂ ನನಗೆ ಹೊಳೆಯಲಿಲ್ಲ.

ಸೇಡಂನಲ್ಲಿ ತೆಲುಗು ಅಮ್ಮನೊಬ್ಬಳ ಮೆಸ್ ಇತ್ತು. ತೆಲುಗರ ಅಡುಗೆಯಲ್ಲೂ ಶೇಂಗಾ ಉಂಟು. ಆದರೆ ಆಕೆ ನಮಗಾಗಿ ಬೇರೆ ಬಾಣಲೆಯಲ್ಲಿ ಪಲ್ಯ ಹುರಿದು, ಮೇಲೆ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆಯ ಪುಡಿ, ಉದುರಿಸಿ ಕೊಡುತ್ತಿದ್ದಳು. ಒಂದು ದಿನ ಹೋದಾಗ ಆಕೆ ಮದುವೆಗೆಂದು ತಾಂಡೂರಿಗೆ ಹೋಗಿದ್ದಳು. ನಾದಿನಿ ಅಡುಗೆಗೆ ನಿಂತಿದ್ದಳು. "ಅಂತಾ ಸೇಮ್ ಅಣ್ಣಾ, ಎಲ್ಲಾ ಅದೇ, ಅಕ್ಕ ಹೇಳಿ ಹೋಗ್ಯಾಳ" ಎಂದಳು. ಉಸ್ತಾದರು ಒಳಗೆ ಹೋದರು. ಹಾಗಲಕಾಯಿ ಪಲ್ಯವನ್ನು ಬೆರಳಲ್ಲಿ ತಿಕ್ಕಿದರು, ಮೂಗಿಗೆ ಹಿಡಿದರು, ತಲೆ ಅಲ್ಲಾಡಿಸಿದರು.

ಪುಟಾಣಿ ತೀರಿತ್ತು. ಅದನ್ನೇ ಏಕೆ ಹಾಕುತ್ತಾರೆಂದು ತಿಳಿಯದ ನಾದಿನಿ ಶೇಂಗಾ ಹುರಿದು ಪುಡಿ ಮಾಡಿ ಉದುರಿಸಿದ್ದಳು. ನೋಡಲು ಎರಡೂ ಒಂದೇ ಬಣ್ಣ.

ಈ ಸಲ ಮೊದಲ ಸಲದಂತಿರಲಿಲ್ಲ. ನಾಲ್ಕೈದು ತುತ್ತು ಒಳಗೆ ಹೋಗಿತ್ತು. ಎದ್ದು ನಿಂತವನು ಬಿದ್ದೆ. ನೆಲದ ಫರ್ಸಿ ತಣ್ಣಗಿದ್ದದ್ದು ನೆನಪಿದೆ. ಯಾರೋ ಅಳುತ್ತಿದ್ದರು. ಉಸ್ತಾದರು ನನ್ನ ತೊಡೆಯ ಪಕ್ಕ ಮೊಣಕಾಲೂರಿ ಕುಳಿತಿದ್ದರು. ಔಷಧಿಯ ಗಾಜು ಮುರಿಯಲು ಹೋಗಿ ಬೆರಳು ಕೊಯ್ದುಕೊಂಡಿದ್ದರು, ಸಿರಿಂಜಿಗೆಲ್ಲ ರಕ್ತ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೂದಲಿನಷ್ಟು ಸಣ್ಣ ಪೈಪಿಗೆ ಬೆಸುಗೆ ಹಾಕಿದ ಕೈಗೆ ಈಗ ಸೂಜಿಯ ಮುಚ್ಚಳ ಸಿಗುತ್ತಿರಲಿಲ್ಲ. "ಕಣ್ಣು ಮುಚ್ಚಬ್ಯಾಡೋ, ನನ್ನ ನೋಡು, ನನ್ನ ನೋಡು" ಎನ್ನುತ್ತಿದ್ದರು. ನಾನು ನೋಡುತ್ತಿದ್ದೆ. ಸಾಯುತ್ತೇನೆ ಎಂಬುದಕ್ಕಿಂತ ಆ ಮುಖದ ಮೇಲಿದ್ದ ಭಯ ನೋಡಿ ನನಗೆ ಹೆಚ್ಚು ಭಯವಾಯಿತು.

ಇಂಜೆಕ್ಷನ್ ತೊಡೆಗೆ ಹೋಯಿತು. ಆಟೋದಲ್ಲಿ ದವಾಖಾನೆ ಮುಟ್ಟಿಸಿದರು. ಅಲ್ಲಿ ಇನ್ನೊಂದು ಇಂಜೆಕ್ಷನ್, ಆಕ್ಸಿಜನ್. ಮರುದಿನ ಮಧ್ಯಾಹ್ನ ಬಿಟ್ಟರು. ಹೊರಗಿನ ಬೆಂಚಿನ ಮೇಲೆ ಅವರು ಬಟ್ಟೆ ಸುತ್ತಿದ ಬೆರಳು ನೋಡುತ್ತ ಕುಳಿತಿದ್ದರು.

"ನನಗ ವಾಸನಿ ಬರಂಗಿಲ್ಲ" ಎಂದರು. "ಜ್ವರ ಬಂದು ಹೋದಾಗಿಂದ ಬರಂಗಿಲ್ಲ. ರುಚೀನೂ ಇಲ್ಲ. ಎಂಟು ತಿಂಗಳಾತು. ಇವತ್ತು ಬರ್ತದ, ನಾಳಿ ಬರ್ತದ ಅಂತ ನೋಡಿದೆ."

"ಮತ್ತ ನಿನ್ನಿ ತಲಿ ಯಾಕ ಅಲ್ಲಾಡಿಸಿದ್ರಿ?"

ಅವರು ಬೆರಳಿನ ಬಟ್ಟೆ ಬಿಚ್ಚಿ ಮತ್ತೆ ಸುತ್ತತೊಡಗಿದರು. ಎಂಟು ತಿಂಗಳು ನಾನು ದಿನಾ ಮಧ್ಯಾಹ್ನ ಒಂದು ಸತ್ತ ಮೂಗನ್ನು ನಂಬಿ ಉಂಡಿದ್ದೆ. ಅವರನ್ನು ಅಲ್ಲೇ ಬಿಟ್ಟು ಬಸ್ ಹತ್ತಿದೆ.

ಹನ್ನೊಂದು ದಿನ ಕೆಲಸಕ್ಕೆ ಹೋಗಲಿಲ್ಲ. ಅವ್ವನ ಕೈಯ ಅನ್ನಕ್ಕೂ ಹೆದರುವ ಸ್ಥಿತಿ ಬಂದಿತ್ತು. ಗಂಜಿ ಕುಡಿಯುವಾಗಲೂ ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹನ್ನೆರಡನೇ ದಿನ ಮುಂಜಾನೆ ಉಸ್ತಾದರು ಪ್ಯಾಸೆಂಜರ್ ರೈಲಿಗೆ ನಾಲವಾರಕ್ಕೆ ಬಂದಿಳಿದರು. ಮನೆಗೆ ಬರಲಿಲ್ಲ, ಅವ್ವನ ಮುಖ ನೋಡಲು ಧೈರ್ಯವಿರಲಿಲ್ಲವೆಂದು ಕಾಣುತ್ತದೆ. ಸ್ಟೇಷನ್ನಿನ ಕಲ್ಲುಬೆಂಚಿನಲ್ಲಿ ಕುಳಿತು ಫೋನ್ ಮಾಡಿದರು. ಹೋದೆ.

"ನನ್ನ ತಮ್ಮನ ವಿಷಯ ನಿನಗ ಹೇಳಿಲ್ಲ" ಎಂದು ಶುರು ಮಾಡಿದರು. "ಹೊಳಿ ದಂಡಿ ಮನಿ, ಅಂವಗ ನೀರಂದ್ರ ಅಂಜಿಕಿ. ನಾವೆಲ್ಲಾ ನಗ್ತಿದ್ವಿ. ಒಂದಿನ ಎತ್ತಿ ಹೊಳ್ಯಾಗ ಒಗದೆ. ಈಸಿ ಬಂದ, ಏನೂ ಆಗ್ಲಿಲ್ಲ. ಆದ್ರ ಅವತ್ತಿನಿಂದ ನನ್ನ ಮುಂದ ಅಂಜಿಕಿ ಅನ್ನೋ ಮಾತು ಆಡ್ಲಿಲ್ಲ. ದೊಡ್ಡವನಾದ, ಮದಿವಿ ಆತು. ಒಂದ್ಸಲ ಎರಡು ದಿನ ಎದಿ ನೋವು ಇತ್ತಂತ. ಬಾಜೂ ಮನ್ಯಾಗೇ ನಾ ಇದ್ದೆ. ಹೇಳ್ಲಿಲ್ಲ. ಹೆಂಡ್ತಿ ಅಣ್ಣಗ ಹೇಳೂಣು ಅಂದ್ರ, ಬ್ಯಾಡ, ಅಂವ ನಗ್ತಾನ ಅಂದನಂತ. ಮೂರನೇ ದಿನ ಹೋದ."

ರೈಲು ಹೋಗಿ ಬಹಳ ಹೊತ್ತಾಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರೇ.

"ನೀ ಮೊದಲ ಸಲ ದವಾಖಾನ್ಯಾಗ ನಗ್ತೀರಂತ ಹೇಳಿಲ್ಲ ಅಂದಿ ನೋಡು, ಅವತ್ತೇ ನನಗ ಎದಿ ಒಡೀತು. ಮತ್ತ ನಾನೇ ಹೇಳ್ಲಿಲ್ಲ. ಮೂಗು ಹೋದ ಮಿಸ್ತ್ರಿಗಿ ಕೆಲ್ಸ ಯಾರು ಕೊಡ್ತಾರ ಅಂತ ಅಂಜಿದೆ. ನೀ ನನ್ನ ಕೂಡ ಬರಾದು ಬಿಡ್ತಿ ಅಂತ ಅಂಜಿದೆ. ಬಾಯಿಬಿಟ್ಟು ಹೇಳಿದ್ರ ಇಷ್ಟು ಆಗ್ತಿರ್ಲಿಲ್ಲ."

ನಾನು ಕ್ಷಮಿಸಿದೆನೆಂದು ಹೇಳಲಿಲ್ಲ. ಕ್ಷಮಿಸಿದ್ದೆನೋ ಇಲ್ಲವೋ ಗೊತ್ತೂ ಇಲ್ಲ. "ಈಗೇನ್ ಮಾಡಮ್ರಿ?" ಎಂದೆ.

"ನಿನ್ನ ಮೂಗು ಅದಲ್ಲ?" ಎಂದರು.

ಅವತ್ತೇ ನನ್ನನ್ನು ಸೇಡಂನಲ್ಲಿ ಎಣ್ಣೆ ಗಿರಣಿಯೊಂದರ ಮುಂದೆ ನಿಲ್ಲಿಸಿದರು. ಗಿರಣಿ ರಸ್ತೆಯ ಆಚೆ, ನಾವು ಈಚೆ. ಒಳಗೆ ಶೇಂಗಾ ಹುರಿಯುತ್ತಿದ್ದರು. ಗಾಳಿ ನಮ್ಮ ಕಡೆ ತಿರುಗಿದಾಗ ನಾನು ಓಡಿದೆ. ಅವರು ತಡೆಯಲಿಲ್ಲ. ಔಷಧಿಯ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದರು. ಮರಳಿ ಬಂದೆ. ಉಸಿರು ಬಿಟ್ಟೆ, ಎಳೆದೆ. ಕಣ್ಣಲ್ಲಿ ನೀರು ಬಂತು. "ವೈರಿ ಮುಖದ ಗುರುತು ಇರಬೇಕು ತಮ್ಮಾ. ಗುರುತಿಲ್ಲ ಅಂದ್ರ ಎಲ್ಲಾರೂ ವೈರಿ ಕಂಡಂಗ ಕಾಣ್ತಾರ" ಎಂದರು. ಹುರಿದದ್ದರ ವಾಸನೆ ಬೇರೆ, ಹಸಿಯದು ಬೇರೆ, ಗಾಣದ ಎಣ್ಣೆಯದು ಬೇರೆ. ಒಂದು ವಾರ ದಿನಾ ಹೋದೆವು. ಆಮೇಲೆ ಅಡುಗೆಮನೆಗಳ ಒಳಗೆ ಮೂಸುವವನು ನಾನು, ಕೇಳುವವರು ಅವರು. ಏನು ಹಾಕಿದ್ದೀರಿ, ಯಾರು ಹಾಕಿದ್ದು, ಡಬ್ಬಿ ತೋರಿಸಿ, ಚಮಚ ಯಾವುದು. ವಾಸನೆಯೊಂದನ್ನೇ ನಂಬುವ ಕಾಲ ಮುಗಿದಿತ್ತು. ಅವರು ಕೇಳುತ್ತಿದ್ದ ರೀತಿಗೆ ಅಡುಗೆಯವರು ಸಿಟ್ಟಾಗುತ್ತಿದ್ದರು. ಉಸ್ತಾದರು ಕೈ ಮುಗಿದು ಮತ್ತೆ ಕೇಳುತ್ತಿದ್ದರು. ತಾವು ಉಣ್ಣುವಾಗ ಮಾತ್ರ ಅವರಿಗೆ ಯಾವ ರುಚಿಯೂ ಗೊತ್ತಾಗುತ್ತಿರಲಿಲ್ಲ. ಮಲಯಾಳಿ ಮುದುಕಿ "ಹ್ಯಾಂಗದ?" ಎಂದರೆ ನನ್ನ ಮುಖ ನೋಡಿ "ಚಲೋ ಅದ" ಎನ್ನುತ್ತಿದ್ದರು.

ಗುತ್ತಿಗೆದಾರರಿಗೂ ತಾವೇ ಹೋಗಿ ಮೂಗಿನ ವಿಷಯ ಹೇಳಿದರು. ಅವರು ಕೆಲಸದಿಂದ ತೆಗೆಯಲಿಲ್ಲ. ಇನ್ನೆರಡು ವರ್ಷ ಹೀಗೇ ದುಡಿದು, ಮೊಣಕಾಲು ಸೋತ ಮೇಲೆ ಉಸ್ತಾದರೇ ಬಿಟ್ಟರು.

ಉಸ್ತಾದರು ತೀರಿಕೊಂಡ ಸುದ್ದಿ ಬಂದ ಎರಡು ವಾರಕ್ಕೆ ಕಾಳಗಿಯಿಂದ ಒಬ್ಬ ಹೆಣ್ಣುಮಗಳ ಫೋನ್ ಬಂತು. ಗುರುತಿನವರಲ್ಲ. ಮಗಳಿಗೆ ಹದಿನೆಂಟು ವರ್ಷ, ಶಹಾಬಾದಿನಲ್ಲಿ ಓದಲಿಕ್ಕೆ ಸೀಟು ಸಿಕ್ಕಿದೆ, ಕೋಣೆ ಹಿಡಿದಿದ್ದೇವೆ, ಆದರೆ ಹುಡುಗಿಗೆ ಶೇಂಗಾ ಆಗುವುದಿಲ್ಲ ಎಂದರು. "ದವಾಖಾನ್ಯಾಗ ಒಬ್ರು ಹಿರೇರು ಸಿಕ್ಕಿದ್ರು, ಹೋದ ವರ್ಷ. ಊಟದ ವಿಷಯ ಬಂದ್ರ ಇಂವಗ ಕೇಳ್ರಿ ಅಂತ ನಿಮ್ಮ ನಂಬರ್ ಕೊಟ್ರು. ನಮ್ಮ ಹುಡುಗಿಗಿ ಎಲ್ಲಿ ಉಣಸ್ಬೇಕ್ರಿ?"

ತಿಳಿಸುತ್ತೇನೆಂದು ಫೋನಿಟ್ಟೆ. ನನ್ನ ಗಂಟಲಿಗಾಗಿ ನನ್ನ ಮೂಗನ್ನು ನಂಬುವುದು ಒಂದು ಮಾತು. ಇನ್ನೊಬ್ಬರ ಮಗಳಿಗೆ ನಾನು ತಲೆ ಅಲ್ಲಾಡಿಸುವುದೆಂದರೆ? ಎರಡು ದಿನ ಯೋಚಿಸಿ, ಸೋಮವಾರ ಬರಲು ಹೇಳಿದೆ.

ಶಹಾಬಾದ್ ಬಸ್ ನಿಲ್ದಾಣದಲ್ಲಿ ತಾಯಿ ಮಗಳು ಕಾಯುತ್ತಿದ್ದರು. ಹುಡುಗಿ ತೆಳ್ಳಗೆ, ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಕೇಳಿದ್ದಕ್ಕೆಲ್ಲ ತಾಯಿಯೇ ಉತ್ತರ ಕೊಡುತ್ತಿದ್ದರು. ರಾಜಸ್ಥಾನದವರ ಆ ಕೋಣೆ ಈಗಿಲ್ಲ. ಅವಳು ಇರುವ ಓಣಿಯ ಹತ್ತಿರ ಎರಡು ಮೆಸ್ ನೋಡಿದೆವು. ಮೊದಲನೆಯದರಲ್ಲಿ ಒಳಗೆ ಬಿಡಲಿಲ್ಲ. ಎರಡನೆಯದರಲ್ಲಿ ಹೆಜ್ಜೆ ಇಟ್ಟ ಕೂಡಲೇ ನನಗೆ ಹುರಿದ ಶೇಂಗಾದ ವಾಸನೆ ತಿಳಿಯಿತು, ಹಿಂದಕ್ಕೆ ಬಂದೆ. ಕಲ್ಲು ಪಾಲಿಶ್ ಮಾಡುವ ಮಶೀನುಗಳ ಹಿಂದೆ ಬಿಹಾರದ ಹೆಂಗಸೊಬ್ಬಳು ಕೂಲಿಗಳಿಗೆ ಅಡುಗೆ ಮಾಡುತ್ತಾಳೆಂದು ಚಹಾದವನು ಹೇಳಿದ. ಹೋದೆವು. ಅನುಮತಿ ಕೇಳಿ ಒಳಗೆ ನಿಂತೆ. ಸಾಸಿವೆ ಎಣ್ಣೆ, ಕಡಲೆ ಹಿಟ್ಟು, ಬೇಳೆ. ಡಬ್ಬಿಗಳನ್ನು ಒಂದೊಂದಾಗಿ ತೆಗೆಸಿದೆ. ಅರ್ಧ ತಾಸು ಕೇಳಿದೆ. ಆಕೆ ಬೇಸರಪಡಲಿಲ್ಲ. ತನ್ನ ತಂಗಿಗೆ ಚೇಳು ಕಡಿದಾಗಿನಿಂದ ತಾನು ಹಾಸಿಗೆ ಜಾಡಿಸದೆ ಮಲಗುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದಳು.

ಮೂವರೂ ಕುಳಿತೆವು. ತಟ್ಟೆಗಳು ಬಂದವು. ಹುಡುಗಿ ಮುಟ್ಟಲಿಲ್ಲ.

"ನಾಳಿ ಮತ್ತ ಕೇಳ್ಬೇಕು" ಎಂದೆ. "ದಿನಾ ಕೇಳ್ಬೇಕು. ನಾ ಹೇಳೀನಂತ ನಂಬಬ್ಯಾಡ. ಔಷಧಿ ಚೀಲದಾಗ ಅದ ಅಲ್ಲ?"

ತಲೆಯಾಡಿಸಿದಳು. ಆಮೇಲೆ ಮೊದಲ ಸಲ ಮಾತಾಡಿದಳು. "ನಿಮಗೂ ಶೇಂಗಾ ಆಗಂಗಿಲ್ಲಂತಲ್ಲ. ನೀವು ಮೊದ್ಲ ಉಣ್ರಿ."

ತಾಯಿ ಅವಳನ್ನು ಗದರಿಸಲು ಹೋದರು. ನಾನು ಬೇಡವೆಂದೆ. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡೆ. ಹುಡುಗಿ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಮಶೀನುಗಳ ಸದ್ದಿಗೆ ನೀರಿನ ಲೋಟ ಸಣ್ಣಗೆ ನಡುಗುತ್ತಿತ್ತು. ಐದು ನಿಮಿಷ ಹೋಯಿತು, ಹತ್ತು ಹೋಯಿತು. ಕಾಲು ತಾಸು ದಾಟಿದ ಮೇಲೆ ಅವಳು ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದಳು.

"ಏನರ ಆಗ್ಲಿಕತ್ತದೇನ್ರಿ?"

"ಅಂಜಿಕಿ ಆಗ್ಲಿಕತ್ತದ" ಎಂದೆ. "ಬ್ಯಾರೆ ಏನೂ ಇಲ್ಲ."

ಅವಳ ಮುಖದಲ್ಲಿ ಸಣ್ಣ ನಗೆ ಬಂತು. ಚೀಲವನ್ನು ಪಕ್ಕಕ್ಕಿಟ್ಟು, ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.